ಕೇಳಿದ್ದು ಯಾವಾಗ?

ನಾಲ್ಕು ನಕ್ಷೆಗಳಿದ್ದವು. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ಕಬ್ಬಿಣದ ಅದಿರು ತೆಗೆಯುವ ರಿಯೊ ಟಿಂಟೊ ಕಂಪನಿ ತನ್ನ ಗಣಿಯನ್ನು ಯಾವ ಕಡೆಗೆ, ಎಷ್ಟು ದೂರ ಅಗೆಯಬಹುದು ಎಂದು ನಾಲ್ಕು ಬಗೆಯಲ್ಲಿ ಲೆಕ್ಕ ಹಾಕಿತ್ತು. ಮೂರು ನಕ್ಷೆಗಳಲ್ಲಿ ಜೂಕನ್ ಕಣಿವೆಯ ಎರಡು ಕಲ್ಲಾಸರೆಗಳು, ಅಂದರೆ ಬಂಡೆಯಡಿಯ ಗುಹೆಯಂಥ ತಾಣಗಳು, ಉಳಿಯುತ್ತಿದ್ದವು. ನಾಲ್ಕನೆಯದರಲ್ಲಿ ಮಾತ್ರ ಹೋಗುತ್ತಿದ್ದವು. ಆದರೆ ಅದರಿಂದ ಸುಮಾರು 80 ಲಕ್ಷ ಟನ್ ಒಳ್ಳೆಯ ಅದಿರು ಜಾಸ್ತಿ ಸಿಗುತ್ತಿತ್ತು. ಕಂಪನಿ ಅದನ್ನೇ ಆರಿಸಿಕೊಂಡಿತು.

ಆ ನೆಲದ ಜನ ಪುಟು ಕುಂಟಿ ಕುರ್ರಮ ಮತ್ತು ಪಿನಿಕುರ ಸಮುದಾಯದವರು. ಅವರ ಮುಂದೆ ಬಂದದ್ದು ಆ ಒಂದೇ ನಕ್ಷೆ. ಇನ್ನೂ ಮೂರು ದಾರಿಗಳಿದ್ದವು ಅನ್ನೋದು ಅವರಿಗೆ ತಿಳಿದದ್ದು ಎಲ್ಲ ಮುಗಿದ ಮೇಲೆ, ಸಂಸತ್ತಿನ ಸಮಿತಿ ವಿಚಾರಣೆ ನಡೆಸಿದಾಗ.

2020ರ ಮೇ 24ರಂದು ಕಲ್ಲಾಸರೆಗಳನ್ನು ಸಿಡಿಸಿದರು. ಮನುಷ್ಯರು 46,000 ವರ್ಷಗಳ ಹಿಂದೆಯೇ ಅಲ್ಲಿ ತಂಗಿದ್ದಕ್ಕೆ ಗುರುತುಗಳಿದ್ದವು. ಕೂದಲಿನಿಂದ ಹೆಣೆದ ಪಟ್ಟಿಯ ಒಂದು ತುಂಡು ಅಲ್ಲಿ ಸಿಕ್ಕಿತ್ತು. ಸುಮಾರು 4,000 ವರ್ಷ ಹಳೆಯದು. ಡಿಎನ್‌ಎ ನೋಡಿದರೆ ಅದು ಈಗ ಬದುಕಿರುವ ಇದೇ ಜನರ ಪೂರ್ವಜರದು. ಆ ತುಂಡು ಸಿಕ್ಕ ಪುರಾತತ್ವ ಅಗೆತ ನಡೆದದ್ದು 2014ರಲ್ಲಿ. ಜಾಗವನ್ನು ನಾಶ ಮಾಡಲು ಸರ್ಕಾರ ಒಪ್ಪಿಗೆ ಕೊಟ್ಟದ್ದು 2013ರಲ್ಲಿ. ಒಮ್ಮೆ ಒಪ್ಪಿಗೆ ಕೊಟ್ಟ ಮೇಲೆ ಹೊಸದೇನಾದರೂ ಸಿಕ್ಕರೆ ಮತ್ತೆ ಕೂತು ಯೋಚಿಸಲು ಇಂಥ ತಾಣಗಳ ಬಗೆಗಿನ ಆ ರಾಜ್ಯದ 1972ರ ಕಾನೂನಿನಲ್ಲಿ ಅವಕಾಶವೇ ಇರಲಿಲ್ಲ. ಹಾಗಾಗಿ ಆ ಸ್ಫೋಟ ಕಾನೂನಿನ ಪ್ರಕಾರವೇ ನಡೆಯಿತು.

ಇದನ್ನು ಓದಿದ ಮೇಲೆ ಗಣಿ ಜಗಳಗಳನ್ನು ನಾನು ನೋಡುವ ರೀತಿಯೇ ಬದಲಾಯಿತು. ಅದಕ್ಕೂ ಮೊದಲು ನನ್ನ ತಲೆಯಲ್ಲಿದ್ದದ್ದು ಸರಳ ಚಿತ್ರ. ಒಂದು ಕಡೆ ದುಡ್ಡಿರುವ ಕಂಪನಿ, ಇನ್ನೊಂದು ಕಡೆ ಜಮೀನು ಕಳೆದುಕೊಳ್ಳುವ ಜನ. ಪರಿಹಾರ ಸರಿಯಾಗಿ ಕೊಟ್ಟರೆ ಜಗಳ ತೀರುತ್ತದೆ, ಕೊಡದಿದ್ದರೆ ಬೆಳೆಯುತ್ತದೆ ಅಂದುಕೊಂಡಿದ್ದೆ. ಆದರೆ ಇಲ್ಲಿ ಕಂಪನಿಗೂ ಜನರಿಗೂ ನಡುವೆ ಲಿಖಿತ ಒಪ್ಪಂದವಿತ್ತು. ಸಭೆಗಳಾಗಿದ್ದವು. ಹೊರಗಿನಿಂದ ನೋಡಿದವರು ಇದನ್ನು ಸಹಕಾರ ಎಂದೇ ಕರೆಯುತ್ತಿದ್ದರು. ಆ ಸಹಕಾರದ ಒಳಗೇ ಇಷ್ಟು ದೊಡ್ಡ ನಷ್ಟ ಆಗಿಹೋಯಿತು.

ಆಮೇಲಿನಿಂದ ಇಂಥ ಯಾವ ಸುದ್ದಿ ಓದಿದರೂ ನಾನು ಮೊದಲು ಹುಡುಕುವುದು ಒಂದು ತಾರೀಕನ್ನು. ಊರಿನವರನ್ನು ಕೇಳಿದ್ದು ಯಾವಾಗ? ಅವರ ಉತ್ತರದಿಂದ ನಕ್ಷೆ ಬದಲಾಗಲು ಸಾಧ್ಯವಿದ್ದಾಗಲೋ, ನಕ್ಷೆಗೆ ಸಹಿ ಬಿದ್ದ ಮೇಲೋ?

2007ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯಲ್ಲಿ ಒಪ್ಪಿಗೆ ಅನ್ನುವ ಪದದ ಹಿಂದೆ ಮೂರು ವಿಶೇಷಣಗಳಿವೆ. ಬಲವಂತ ಇರಬಾರದು, ಮುಂಚಿತವಾಗಿರಬೇಕು, ಎಲ್ಲ ತಿಳಿದು ಕೊಟ್ಟದ್ದಾಗಿರಬೇಕು. ಚರ್ಚೆಗಳಲ್ಲಿ ಮೊದಲನೆಯದಕ್ಕೂ ಮೂರನೆಯದಕ್ಕೂ ಸಿಗುವ ಗಮನ ನಡುವಿನ ಆ 'ಮುಂಚಿತ'ಕ್ಕೆ ಸಿಗುವುದಿಲ್ಲ. ನನಗೆ ಮಾತ್ರ ಉಳಿದೆರಡೂ ಅದರ ಮೇಲೆ ನಿಂತಿವೆ ಅನ್ನಿಸುತ್ತದೆ.

ಗಣಿ ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಮೊದಲು ಯಾರೋ ಇಬ್ಬರು ಬಂದು ಕಲ್ಲು ಒಡೆದು ಚೂರು ಚೀಲಕ್ಕೆ ಹಾಕಿಕೊಂಡು ಹೋಗುತ್ತಾರೆ. ಕೆಲವು ವರ್ಷ ಬಿಟ್ಟು ಕೊರೆಯುವ ಯಂತ್ರ ಬರುತ್ತದೆ. ಎಷ್ಟೋ ಸಲ ಈ ಹುಡುಕಾಟ ಮಾಡುವುದು ಸಣ್ಣ ಕಂಪನಿ. ಅದಿರು ಇದೆ ಎಂದು ಗೊತ್ತಾದ ಮೇಲೆ ಅದು ತನ್ನ ಹಕ್ಕನ್ನು ದೊಡ್ಡ ಕಂಪನಿಗೆ ಮಾರಿ ಮುಂದಿನ ಬೆಟ್ಟಕ್ಕೆ ಹೋಗುತ್ತದೆ. ಆ ಮೊದಲ ದಿನಗಳಲ್ಲಿ ಊರಿನವರಿಗೆ ಏನೇನೋ ಮಾತು ಕೊಟ್ಟಿರುತ್ತಾರೆ. ಕೆಲಸ ಕೊಡುತ್ತೇವೆ, ರಸ್ತೆ ಮಾಡಿಸುತ್ತೇವೆ, ನಿಮ್ಮ ನೀರಿಗೆ ಏನೂ ಆಗುವುದಿಲ್ಲ. ಮಾರಾಟದ ಪತ್ರದಲ್ಲಿ ಈ ಮಾತುಗಳು ಇರುವುದಿಲ್ಲ. ಹೊಸದಾಗಿ ಬಂದವರಿಗೆ ಅವು ಗೊತ್ತೇ ಇರುವುದಿಲ್ಲ. ಊರಿನವರ ಕಣ್ಣಿಗೆ ಮಾತ್ರ ಅದು ಅದೇ ಕಂಪನಿ, ಅದೇ ಮಾತು. ಮೊದಲ ಬಿರುಕು ಬೀಳುವುದು ಇಲ್ಲಿ. ಆಗ ಯಾವ ವರದಿಗಾರರೂ ಅಲ್ಲಿರುವುದಿಲ್ಲ.

ಆಮೇಲೆ ಸಾಲ ಎತ್ತುವುದು, ಪರಿಸರ ವರದಿ ಬರೆಸುವುದು, ರಸ್ತೆ, ವಿದ್ಯುತ್, ಬಂದರಿನ ಏರ್ಪಾಡು. ಇಷ್ಟೆಲ್ಲ ಖರ್ಚಾದ ಮೇಲೆ ಊರಿನವರನ್ನು ಅಹವಾಲು ಸಭೆಗೆ ಕರೆಯುತ್ತಾರೆ. ವೇದಿಕೆ ಮೇಲಿರುವವರು ಕೆಟ್ಟವರೇ ಆಗಿರಬೇಕಿಲ್ಲ. ಆದರೆ ಅಷ್ಟು ಹೊತ್ತಿಗೆ ಅವರಿಗೆ 'ಬೇಡ' ಎಂಬ ಉತ್ತರವನ್ನು ಕೇಳಿಸಿಕೊಳ್ಳುವ ಶಕ್ತಿ ಉಳಿದಿರುವುದಿಲ್ಲ. ಕೆಳಗೆ ಕೂತವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಕೇಳುವವರು ಉತ್ತರ ನಿರ್ಧರಿಸಿಕೊಂಡೇ ಬಂದಿದ್ದಾರೆ ಎಂದು ಗೊತ್ತಾಗಲು ಯಾರಿಗೂ ಓದುಬರಹ ಬೇಕಿಲ್ಲ, ಅಲ್ವಾ?

ಒಡಿಶಾದ ನಿಯಮಗಿರಿಯಲ್ಲಿ ಹೀಗೇ ಆಯಿತು. ಬೆಟ್ಟದ ಮೇಲಿನ ಬಾಕ್ಸೈಟ್ ಅಗೆಯಲು ಅನುಮತಿ ಸಿಗುವ ಮೊದಲೇ ಬೆಟ್ಟದ ಬುಡದ ಲಾಂಜಿಗಢದಲ್ಲಿ ವೇದಾಂತ ಕಂಪನಿಯ ಸಂಸ್ಕರಣಾ ಘಟಕ ಎದ್ದು ನಿಂತಿತ್ತು. ಡೊಂಗ್ರಿಯಾ ಕೊಂಧರಿಗೆ ಆ ಬೆಟ್ಟ ನಿಯಮರಾಜನ ನೆಲೆ. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗ್ರಾಮಸಭೆಗಳೇ ಇದನ್ನು ಪರಿಶೀಲಿಸಿ ಹೇಳಲಿ ಎಂದಿತು. ಆ ವರ್ಷದ ಮಳೆಗಾಲದಲ್ಲಿ 12 ಹಳ್ಳಿಗಳಲ್ಲಿ ಸಭೆ ನಡೆಯಿತು. 12 ಹಳ್ಳಿಗಳೂ ಬೇಡ ಎಂದವು. ಘಟಕಕ್ಕೆ ಬೇರೆ ಕಡೆಯಿಂದ ಬಾಕ್ಸೈಟ್ ತರಬೇಕಾಯಿತು. ಮೊದಲೇ ಕೇಳಿದ್ದರೆ ಕಂಪನಿಗೂ ಅದರ ಹಣ ಉಳಿಯುತ್ತಿತ್ತು.

ತಡವಾಗಿ ಕೇಳುವುದರ ಬೆಲೆ ಏನು ಎಂದು ಲೆಕ್ಕ ಹಾಕಿದವರೂ ಇದ್ದಾರೆ. ರೇಚೆಲ್ ಡೇವಿಸ್ ಮತ್ತು ಡೇನಿಯಲ್ ಫ್ರಾಂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ಅದು. 300ರಿಂದ 500 ಕೋಟಿ ಡಾಲರ್ ಬಂಡವಾಳದ ಗಣಿಯೊಂದರ ಉತ್ಪಾದನೆ ಜಗಳದಿಂದ ತಡವಾದರೆ ವಾರಕ್ಕೆ ಸುಮಾರು 2 ಕೋಟಿ ಡಾಲರ್ ನಷ್ಟವಾಗುತ್ತದೆ ಎಂದು ಅದು ಹೇಳುತ್ತದೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಇನ್ನೊಂದು ಸಂಗತಿ. ಕಂಪನಿಗಳು ಬಹಳ ಸಲ ಲೆಕ್ಕಕ್ಕೆ ಹಿಡಿಯದ ಖರ್ಚು ಅಂದರೆ ತಮ್ಮದೇ ಜನರ ಸಮಯ. ಜಗಳ ಶುರುವಾದ ಮೇಲೆ ಗಣಿ ನಡೆಸಬೇಕಾದ ಹಿರಿಯ ಅಧಿಕಾರಿಗಳ ದಿನಗಳೆಲ್ಲ ಜಗಳ ನಿಭಾಯಿಸುವುದರಲ್ಲೇ ಹೋಗುತ್ತವೆ. ಶುರುವಿನಲ್ಲಿ ಊರಿಗೆ ಹೋಗಿ ಕೂರಲು ಸಿಗದಿದ್ದ ಸಮಯ ಆಮೇಲೆ ಹತ್ತು ಪಟ್ಟಾಗಿ ಖರ್ಚಾಗುತ್ತದೆ ಎಂದು ನಾನು ಅದನ್ನು ಓದಿಕೊಂಡೆ.

ಇನ್ನು ಸ್ವಲ್ಪ ಹೊತ್ತು ಪೆರುವಿನಲ್ಲಿ ನಿಲ್ಲಬೇಕು. ಅಲ್ಲಿನ ಒಂದು ಕಥೆಯನ್ನು ಬೇಗ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ.

2000ದ ಜೂನ್ 2ರಂದು ಕಹಮಾರ್ಕಾ ಪ್ರಾಂತ್ಯದ ಯಾನಕೋಚಾ ಚಿನ್ನದ ಗಣಿಯಿಂದ ಹೊರಟ ಒಂದು ಲಾರಿಯಿಂದ ಪಾದರಸ ಚೆಲ್ಲಿತು. 151 ಕಿಲೋ. ಸುಮಾರು 40 ಕಿಲೋಮೀಟರ್ ರಸ್ತೆಯುದ್ದಕ್ಕೂ ಅಲ್ಲಲ್ಲಿ ಚೆಲ್ಲುತ್ತಾ ಹೋಯಿತು. ರಸ್ತೆ ಚೊರೊಪಂಪಾ ಎಂಬ ಹಳ್ಳಿಯ ನಡುವೆ ಹಾದುಹೋಗುತ್ತದೆ. ಹೊಳೆಯುವ ಗುಂಡುಗಳನ್ನು ಕಂಡು ಮಕ್ಕಳು ಬರಿಗೈಯಲ್ಲಿ ಆರಿಸಿಕೊಂಡರು. ಬೆಲೆಬಾಳುವ ಲೋಹ ಎಂದು ದೊಡ್ಡವರು ಬಾಟಲಿಗಳಲ್ಲಿ ತುಂಬಿ ಮನೆಯೊಳಗೆ ಇಟ್ಟರು. ಅದು ವಿಷ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ತಿಳಿದ ಮೇಲೆ ಅದನ್ನು ವಾಪಸ್ ತಂದುಕೊಟ್ಟರೆ ಹಣ ಕೊಡುತ್ತೇವೆ ಎಂದು ಕಂಪನಿ ಹೇಳಿತು. ಜನ ಮತ್ತೆ ಹುಡುಕಲು ಹೋದರು. ನೂರಾರು ಮಂದಿಗೆ ಅದರ ವಿಷ ತಾಗಿತು.

ಹನ್ನೊಂದು ವರ್ಷ ಕಳೆಯಿತು. ಅದೇ ಕಂಪನಿ ಅದೇ ಪ್ರಾಂತ್ಯದಲ್ಲಿ ಕೊಂಗಾ ಎಂಬ ಹೊಸ ಗಣಿ ತೆರೆಯಲು ಹೊರಟಿತು. 480 ಕೋಟಿ ಡಾಲರ್‌ನ ಯೋಜನೆ. ಎತ್ತರದ ಬೆಟ್ಟಗಳಲ್ಲಿರುವ ನಾಲ್ಕು ಕೆರೆಗಳು ಅದಕ್ಕೆ ಹೋಗುತ್ತಿದ್ದವು. ಬದಲಿಗೆ ಜಲಾಶಯಗಳನ್ನು ಕಟ್ಟಿಕೊಡುತ್ತೇವೆ, ಈಗಿನದಕ್ಕಿಂತ ಎರಡು ಪಟ್ಟು ನೀರು ನಿಲ್ಲುತ್ತದೆ, ಬೇಸಿಗೆಯಲ್ಲೂ ಬಿಡುತ್ತೇವೆ ಎಂದು ಕಂಪನಿ ಹೇಳಿತು. ಎಂಜಿನಿಯರುಗಳ ಲೆಕ್ಕ ಸರಿಯೇ ಇದ್ದಿರಬಹುದು. ಆದರೆ ಕೆಳಗಿನ ರೈತರು ಕೇಳಿಕೊಂಡ ಪ್ರಶ್ನೆ ಬೇರೆ. ಆ ಜಲಾಶಯದ ಬಾಗಿಲು ತೆರೆಯುವ ಕೈ ಯಾರದು? ಕೆರೆ ತಾನಾಗಿ ಒಸರುತ್ತದೆ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಜಲಾಶಯಕ್ಕೆ ಒಬ್ಬ ಯಜಮಾನ ಇರುತ್ತಾನೆ. ಆ ಯಜಮಾನನ ಗಣಿಯಿಂದ ಹೊರಟ ಲಾರಿಯಿಂದ ಹಿಂದೊಮ್ಮೆ ಪಾದರಸ ಚೆಲ್ಲಿತ್ತು.

2011ರ ನವೆಂಬರ್‌ನಲ್ಲಿ ಪ್ರಾಂತ್ಯಕ್ಕೆ ಪ್ರಾಂತ್ಯವೇ ಮುಷ್ಕರ ಹೂಡಿತು. 'ನೀರು ಬೇಕು, ಚಿನ್ನ ಬೇಡ' ಅವರ ಕೂಗು. 2012ರ ಜುಲೈನಲ್ಲಿ ಗಲಾಟೆ ಜೋರಾಗಿ ಐದು ಜನ ಗುಂಡೇಟಿಗೆ ಸತ್ತರು. 2016ರ ಹೊತ್ತಿಗೆ ಮುಖ್ಯ ಪಾಲುದಾರ ನ್ಯೂಮಾಂಟ್ ಕಂಪನಿ ಕೊಂಗಾದ ಅದಿರನ್ನು ತನ್ನ ನಿಕ್ಷೇಪಗಳ ಲೆಕ್ಕದಿಂದ ತೆಗೆದುಹಾಕಿತು. ಯಾವುದೋ ಹೊರಗಿನವರು ಬಂದು ರೈತರ ತಲೆ ಕೆಡಿಸಿದರು ಎಂಬ ಮಾತು ಆಗ ತುಂಬಾ ಓಡಾಡಿತು. ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ಚೊರೊಪಂಪಾದ ನೆನಪಿದ್ದ ಜನರಿಗೆ ಯಾರೂ ಬಂದು ಹೇಳಿಕೊಡಬೇಕಿರಲಿಲ್ಲ.

ಅದೇ ಪೆರುವಿನ ತಂಬೊಗ್ರಾಂಡೆಯಲ್ಲಿ ಇನ್ನೂ ಸ್ಪಷ್ಟವಾದ ಉತ್ತರ ಬಂದಿತ್ತು. ನಿಂಬೆ, ಮಾವು ಬೆಳೆಯುವ ಊರು. ಅದಿರು ಇದ್ದದ್ದು ಊರಿನ ಕೆಳಗೇ. ಹೊಸ ಮನೆ ಕಟ್ಟಿಕೊಡುತ್ತೇವೆ ಎಂದು ಕೆನಡಾದ ಕಂಪನಿ ಹೇಳಿತು. 2002ರ ಜೂನ್ 2ರಂದು ಊರಿನವರೇ ಮತದಾನ ನಡೆಸಿದರು. ಶೇ 90ಕ್ಕೂ ಹೆಚ್ಚು ಜನ ಬೇಡ ಎಂದರು. ಕಾನೂನಿನಲ್ಲಿ ಆ ಮತಕ್ಕೆ ಬೆಲೆ ಇರಲಿಲ್ಲ. ಆದರೂ ಗಣಿ ಬರಲಿಲ್ಲ. ಮರುವರ್ಷ ಮಾರ್ಚ್‌ನಲ್ಲಿ ಅರ್ಜೆಂಟೀನಾದ ಎಸ್ಕೆಲ್ ಪಟ್ಟಣವೂ ಹಾಗೇ ಮತ ಹಾಕಿತು. ಅಲ್ಲಿ ಬೇಡ ಎಂದವರು ಶೇ 81.

ಕೇಳಿದ್ದು ಯಾವಾಗ ಎಂಬುದರ ಬೆನ್ನಿಗೇ ಕೇಳಿದ್ದು ಯಾರನ್ನು ಎಂಬ ಪ್ರಶ್ನೆಯೂ ಬರುತ್ತದೆ. ಇದಕ್ಕೆ ನಾನು ಓದಿದ ಅತಿ ನೋವಿನ ಉದಾಹರಣೆ ಬೂಗನ್‌ವಿಲ್.

ಅದು ಪಪುವಾ ನ್ಯೂಗಿನಿಗೆ ಸೇರಿದ ದ್ವೀಪ. ಅಲ್ಲಿ ಹೆಚ್ಚಿನ ಕಡೆ ಭೂಮಿಯ ಹಕ್ಕು ತಾಯಿಯಿಂದ ಮಗಳಿಗೆ ಬರುತ್ತದೆ. 1960ರ ದಶಕದಲ್ಲಿ ಪಂಗುನಾದಲ್ಲಿ ತಾಮ್ರ ಸಿಕ್ಕಾಗ ಆ ನಾಡು ಆಸ್ಟ್ರೇಲಿಯಾದ ಆಡಳಿತದಲ್ಲಿತ್ತು. ಅಧಿಕಾರಿಗಳೂ ಕಂಪನಿಯವರೂ ಮಾತಾಡಿದ್ದು ಗಂಡಸರ ಜೊತೆ. ನೆಲದ ಒಡತಿಯರನ್ನು ಯಾರೂ ಕೇಳಲಿಲ್ಲ. 1969ರಲ್ಲಿ ರೊರೊವಾನದ ಹೆಂಗಸರು ಸರ್ವೆಯವರು ನೆಟ್ಟ ಗುರುತುಗಳನ್ನು ಕಿತ್ತರು, ಬುಲ್ಡೋಜರುಗಳ ಮುಂದೆ ನಿಂತರು. ಪೊಲೀಸರು ಅಶ್ರುವಾಯು ಸಿಡಿಸಿ ಲಾಠಿ ಬೀಸಿದರು. 1972ರಲ್ಲಿ ಗಣಿ ಶುರುವಾಯಿತು.

ಗಣಿಯ ಕೆಸರು ಜಾಬಾ ನದಿಗೆ ಹೋಯಿತು. ನೂರು ಕೋಟಿ ಟನ್‌ಗೂ ಹೆಚ್ಚು. ದೇಶದ ರಫ್ತಿನಲ್ಲಿ ಬಹುದೊಡ್ಡ ಪಾಲು ಆ ಒಂದು ಗುಂಡಿಯಿಂದ ಬರುತ್ತಿತ್ತು. ನೆಲದವರಿಗೆ ಬಂದದ್ದು ತೀರಾ ಸ್ವಲ್ಪ. 1974ರಲ್ಲಿ ಒಪ್ಪಂದವನ್ನು ತಿದ್ದಿದಾಗ ಏಳು ವರ್ಷಕ್ಕೊಮ್ಮೆ ಮತ್ತೆ ಕೂತು ನೋಡಬೇಕು ಎಂದು ಬರೆದುಕೊಂಡಿದ್ದರು. 1981ರಲ್ಲಿ ಆ ಸರದಿ ಬಂತು. ಅದರಿಂದ ಏನೂ ಹೊರಬರಲಿಲ್ಲ. ಒಂದು ಸಭೆ ಕೈತಪ್ಪಿದ್ದು ಆಗ ಯಾರಿಗೂ ದೊಡ್ಡ ವಿಷಯ ಅನ್ನಿಸಿರಲಿಕ್ಕಿಲ್ಲ.

1988ರ ಕೊನೆಯಲ್ಲಿ ಫ್ರಾನ್ಸಿಸ್ ಓನಾ ಮತ್ತವರ ಸಂಗಡಿಗರು ಗಣಿಗೆ ವಿದ್ಯುತ್ ತರುವ ಕಂಬಗಳನ್ನು ಸಿಡಿಸಿದರು. ಓನಾ ಅದೇ ಗಣಿಯಲ್ಲಿ ಸರ್ವೆ ಕೆಲಸ ಮಾಡುತ್ತಿದ್ದವರು. 1989ರ ಮೇನಲ್ಲಿ ಗಣಿ ನಿಂತಿತು. ಆಮೇಲೆ ಸುಮಾರು ಹತ್ತು ವರ್ಷ ಯುದ್ಧ. ಎರಡು ಲಕ್ಷವೂ ಇಲ್ಲದ ಜನರಲ್ಲಿ ಸತ್ತವರು 10,000ದಿಂದ 20,000 ಎಂಬ ಅಂದಾಜುಗಳಿವೆ. 2019ರಲ್ಲಿ ಜನಮತ ಕೇಳಿದಾಗ ಸುಮಾರು ಶೇ 98ರಷ್ಟು ಮಂದಿ ಪ್ರತ್ಯೇಕ ದೇಶ ಬೇಕು ಎಂದರು. ಯುದ್ಧಕ್ಕೆ ಗಣಿಯೊಂದೇ ಕಾರಣ ಎಂದು ಹೇಳಿದರೆ ತಪ್ಪಾಗುತ್ತದೆ. ಆದರೆ ಗುರುತು ಕಲ್ಲುಗಳನ್ನು ಕಿತ್ತ ಆ ಹೆಂಗಸರನ್ನು 1969ರಲ್ಲೇ ಕೂರಿಸಿಕೊಂಡು ಮಾತಾಡಿದ್ದರೆ ಏನಾಗುತ್ತಿತ್ತು ಎಂದು ಯೋಚಿಸದೆ ಇರಲು ನನಗೆ ಆಗುವುದಿಲ್ಲ.

ಗಣಿ ಉದ್ಯಮದವರು 'ಸಾಮಾಜಿಕ ಪರವಾನಗಿ' ಎಂಬ ಮಾತನ್ನು 1990ರ ದಶಕದ ಕೊನೆಯಿಂದ ಬಳಸುತ್ತಿದ್ದಾರೆ. ಸರ್ಕಾರದ ಪರವಾನಗಿ ಸಾಲದು, ಊರಿನ ಒಪ್ಪಿಗೆಯೂ ಬೇಕು ಎಂಬ ಅರ್ಥ. ಯೋಚನೆ ಒಳ್ಳೆಯದೇ. ಆದರೆ ಈ ಪರವಾನಗಿಗೆ ಕಾಗದವಿಲ್ಲ, ಸಹಿಯಿಲ್ಲ, ಅವಧಿಯಿಲ್ಲ. ಅದು ಸಿಕ್ಕಿದೆಯೋ ಇಲ್ಲವೋ ಎಂದು ಹೇಳುವವರು ಬಹಳ ಸಲ ಕಂಪನಿಯವರೇ. ಒಂದು ಆಸ್ಪತ್ರೆ ಕಟ್ಟಿಸಿದ್ದೇವೆ, ಶಾಲೆಗೆ ಬಣ್ಣ ಹೊಡೆಸಿದ್ದೇವೆ, ಹಾಗಾಗಿ ಸಿಕ್ಕಿದೆ ಎಂದುಬಿಡುತ್ತಾರೆ. ಶಾಲೆ ಬೇಕು, ಆಸ್ಪತ್ರೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಡುಗೆಗೂ ಒಪ್ಪಂದಕ್ಕೂ ವ್ಯತ್ಯಾಸವಿದೆ. ಕೊಡುಗೆಯನ್ನು ಕೊಟ್ಟವರು ಯಾವಾಗ ಬೇಕಾದರೂ ನಿಲ್ಲಿಸಬಹುದು.

ಹಾಗಾದರೆ ನಿಜವಾದ ಸಹಕಾರ ಎಲ್ಲೂ ಇಲ್ವಾ? ಇದೆ. ಅದನ್ನು ಹೇಳದಿದ್ದರೆ ನಾನು ಅರ್ಧವನ್ನೇ ಹೇಳಿದ ಹಾಗಾಗುತ್ತದೆ.

ಅಲಾಸ್ಕದ ವಾಯವ್ಯ ಮೂಲೆಯಲ್ಲಿ ರೆಡ್ ಡಾಗ್ ಎಂಬ ಸತುವಿನ ಗಣಿ ಇದೆ. ಆ ನೆಲ ಇನುಪಿಯಾಟ್ ಜನರದು. 1971ರ ಕಾನೂನಿನ ನಂತರ ಅವರದೇ ನಾನಾ ಎಂಬ ಸಂಸ್ಥೆ ಹುಟ್ಟಿತು, ಭೂಮಿಯ ಒಡೆತನ ಅದರ ಹೆಸರಿಗೇ ಬಂತು. ಅವರು ಅವಸರ ಮಾಡಲಿಲ್ಲ. ವರ್ಷಗಟ್ಟಲೆ ತಮ್ಮೊಳಗೇ ಚರ್ಚಿಸಿದರು. 1982ರಲ್ಲಿ ಕೊಮಿಂಕೊ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡರು. 1989ರಲ್ಲಿ ಗಣಿ ಶುರುವಾಯಿತು. ಹಾಕಿದ ಬಂಡವಾಳ ಕಂಪನಿಗೆ ವಾಪಸ್ ಬಂದ ಮೇಲೆ ನಿವ್ವಳ ಆದಾಯದಲ್ಲಿ ಶೇ 25 ನಾನಾಕ್ಕೆ, ಆಮೇಲೆ ಐದು ವರ್ಷಕ್ಕೊಮ್ಮೆ ಶೇ 5 ಏರುತ್ತಾ ಶೇ 50ರವರೆಗೆ. ಅದರಲ್ಲಿ ದೊಡ್ಡ ಪಾಲನ್ನು ಕಾನೂನಿನ ಪ್ರಕಾರ ಅಲಾಸ್ಕದ ಇತರ ಮೂಲನಿವಾಸಿ ಸಂಸ್ಥೆಗಳಿಗೂ ಹಂಚಬೇಕು.

ಹಣದ ಲೆಕ್ಕಕ್ಕಿಂತ ನನಗೆ ಇಷ್ಟವಾದದ್ದು ಅಲ್ಲಿನ ಒಂದು ಸಮಿತಿ. ನೋವಾಟಾಕ್ ಮತ್ತು ಕಿವಲಿನಾ ಹಳ್ಳಿಗಳ ಹಿರಿಯರು, ಬೇಟೆಗಾರರು ಅದರಲ್ಲಿದ್ದಾರೆ. ಕಾರಿಬೂ ಜಿಂಕೆಗಳ ಹಿಂಡು ವಲಸೆ ಹೊರಟು ರಸ್ತೆ ದಾಟುವಾಗ ಅದಿರಿನ ಲಾರಿಗಳು ನಿಲ್ಲಬೇಕು. ಬೇಸಿಗೆಯಲ್ಲಿ ಮೊದಲ ಹಡಗು ಬರುವ ಮುನ್ನ ಕಿವಲಿನಾದವರ ಸಮುದ್ರದ ಬೇಟೆ ಮುಗಿದಿದೆಯೇ ಎಂದು ಕೇಳಬೇಕು. ನೂರಾರು ಟನ್ ಅದಿರು ಜಿಂಕೆಗಳಿಗಾಗಿ ರಸ್ತೆಯಲ್ಲಿ ಕಾಯುತ್ತಾ ನಿಲ್ಲುತ್ತದೆ. ಆ ದೃಶ್ಯವನ್ನು ಸುಮ್ನೆ ಕಲ್ಪಿಸಿಕೊಂಡರೂ ನನಗೆ ಸಂತೋಷವಾಗುತ್ತದೆ.

ಇಲ್ಲೂ ಎಲ್ಲ ಸರಿಯಾಗಿದೆ ಅಂತಲ್ಲ. ಗಣಿಯ ನೀರು ಸೇರುವ ಹೊಳೆಯ ಕೆಳಗಿರುವ ಕಿವಲಿನಾದ ಕೆಲವರು ಕುಡಿಯುವ ನೀರಿಗಾಗಿ ಕೋರ್ಟ್‌ಗೆ ಹೋದರು. 2008ರಲ್ಲಿ ರಾಜಿಯಾಯಿತು. ಒಂದೇ ಸಂಸ್ಥೆಗೆ ಸೇರಿದವರಲ್ಲೂ ನಷ್ಟ ಅನುಭವಿಸುವ ಹಳ್ಳಿ ಒಂದು, ಲಾಭ ಹಂಚಿಕೊಳ್ಳುವ ಹಳ್ಳಿಗಳು ಹಲವು. 'ಸ್ಥಳೀಯ ಸಮುದಾಯ' ಎಂದು ನಾವು ಒಂದೇ ಪದದಲ್ಲಿ ಹೇಳಿಬಿಡುತ್ತೇವೆ. ಒಳಗೆ ನೋಡಿದರೆ ಗಣಿಯಲ್ಲಿ ಕೆಲಸ ಸಿಕ್ಕವರು, ಸಿಗದವರು, ಜಮೀನು ಇದ್ದವರು, ಇಲ್ಲದವರು, ಹೊಳೆಯ ಮೇಲಿನವರು, ಕೆಳಗಿನವರು. ಒಂದೇ ಮನೆಯಲ್ಲಿ ಅಣ್ಣ ಲಾರಿ ಓಡಿಸುತ್ತಿರುತ್ತಾನೆ, ತಮ್ಮ ಆ ಲಾರಿಗೆ ಅಡ್ಡ ನಿಂತಿರುತ್ತಾನೆ.

ಕೆನಡಾದ ಲ್ಯಾಬ್ರಡಾರ್‌ನ ವಾಯ್ಸೀಸ್ ಬೇ ನಿಕ್ಕಲ್ ಗಣಿಯಲ್ಲೂ ಮೊದಲು ಜಗಳವೇ. 1997ರಲ್ಲಿ ಅಲ್ಲಿನ ಮೂಲನಿವಾಸಿಗಳಾದ 'ಇನ್ನು' ಮತ್ತು 'ಇನುಯಿಟ್' ಎಂಬ ಎರಡು ಸಮುದಾಯಗಳ ಜನ ರಸ್ತೆ, ವಿಮಾನ ಇಳಿದಾಣದ ಕೆಲಸ ನಿಲ್ಲಿಸಿದರು, ಕೋರ್ಟ್‌ಗೂ ಹೋದರು. 2002ರಲ್ಲಿ ಒಪ್ಪಂದಗಳಾದವು, 2005ರಲ್ಲಿ ಗಣಿ ಶುರುವಾಯಿತು. ಅಲ್ಲಿನ ದೊಡ್ಡ ಪ್ರಶ್ನೆ ಸಮುದ್ರದ ಮಂಜುಗಡ್ಡೆ. ಕಂಪನಿಗೆ ಅದು ಹಡಗಿಗೆ ಅಡ್ಡ. ಇನುಯಿಟರಿಗೆ ಅದೇ ರಸ್ತೆ. ಚಳಿಗಾಲದಲ್ಲಿ ಬೇಟೆಗೆ, ನೆಂಟರ ಮನೆಗೆ ಅವರು ಹೋಗುವುದು ಅದರ ಮೇಲೆಯೇ. ಹಾಗಾಗಿ ಮಂಜು ಮೊದಲು ಹೆಪ್ಪುಗಟ್ಟುವ ವಾರಗಳಲ್ಲಿ ಮತ್ತು ವಸಂತದ ಕೆಲವು ವಾರಗಳಲ್ಲಿ ಹಡಗು ಬರುವಂತಿಲ್ಲ ಎಂದು ಬರೆದುಕೊಂಡರು. ಮಂಜುಗಡ್ಡೆಯನ್ನು ರಸ್ತೆ ಎಂದು ಯಾವ ನಕ್ಷೆಯಲ್ಲೂ ಗುರುತಿಸಿರುವುದಿಲ್ಲ. ಅದರ ಮೇಲೆ ನಡೆಯುವವರನ್ನು ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ಈ ಎರಡೂ ಕಡೆ ಒಂದು ಸಮಾನ ಸಂಗತಿ ಇದೆ. ಜನರಿಗೆ 'ಬೇಡ' ಎನ್ನುವ ಬಲವಿತ್ತು. ಅಲಾಸ್ಕದಲ್ಲಿ ಭೂಮಿಯ ಹಕ್ಕುಪತ್ರದಿಂದ ಆ ಬಲ ಬಂತು. ಲ್ಯಾಬ್ರಡಾರ್‌ನಲ್ಲಿ ಇತ್ಯರ್ಥವಾಗದ ಭೂ ಹಕ್ಕು ಮತ್ತು ಕೋರ್ಟ್ ಅದನ್ನು ಕೊಟ್ಟವು. ಕಂಪನಿಗಳು ಅಲ್ಲಿ ಜಾಸ್ತಿ ಒಳ್ಳೆಯವಾಗಿದ್ದವು ಎಂದು ನಾನು ಹೇಳುತ್ತಿಲ್ಲ. ಕೇಳದೆ ಮುಂದೆ ಹೋಗಲು ಅವುಗಳಿಗೆ ದಾರಿ ಇರಲಿಲ್ಲ. ಆಗ ಎರಡೂ ಕಡೆಯವರು ಕೂತು ಜಿಂಕೆ, ಮಂಜು, ಹಡಗು ಎಂದು ಒಂದೊಂದೇ ವಿಷಯ ತೆಗೆದು ಮಾತಾಡಿದರು.

ಅಳತೆ ಯಾರ ಕೈಯಲ್ಲಿದೆ ಎಂಬುದೂ ಅಷ್ಟೇ ಮುಖ್ಯ. 2019ರ ಜನವರಿ 25ರ ಮಧ್ಯಾಹ್ನ ಬ್ರೆಜಿಲ್‌ನ ಬ್ರೂಮಾಡಿನ್ಯೊದಲ್ಲಿ ವಾಲೆ ಕಂಪನಿಯ ಗಣಿ ಕೆಸರಿನ ಅಣೆಕಟ್ಟು ಒಡೆಯಿತು. 270 ಜನ ಸತ್ತರು. ಹೆಚ್ಚಿನವರು ಗಣಿಯ ಕೆಲಸಗಾರರು. ಊಟದ ಹೊತ್ತು. ಕ್ಯಾಂಟೀನ್ ಮತ್ತು ಕಚೇರಿ ಇದ್ದದ್ದು ಅಣೆಕಟ್ಟಿನ ಕೆಳಗೇ. ಎಚ್ಚರಿಕೆಯ ಸೈರನ್ ಕೂಗಲಿಲ್ಲ. ಅಣೆಕಟ್ಟು ಗಟ್ಟಿಯಾಗಿದೆ ಎಂದು ಹಿಂದಿನ ವರ್ಷವಷ್ಟೇ ಒಂದು ಸಂಸ್ಥೆ ಪ್ರಮಾಣಪತ್ರ ಕೊಟ್ಟಿತ್ತು. ಆ ಸಂಸ್ಥೆಗೆ ಕೂಲಿ ಕೊಡುತ್ತಿದ್ದದ್ದು ಕಂಪನಿ. ಕೆಳಗಿನ ಮನೆಗಳವರು ತಮಗೆ ನಂಬಿಕೆಯಿರುವ ಒಬ್ಬ ಎಂಜಿನಿಯರನ್ನು ಕಳಿಸಿ ನೋಡಿಸುವಂತಿದ್ದರೆ? ನೀರಿನ ಪರೀಕ್ಷೆ, ಧೂಳಿನ ಪರೀಕ್ಷೆ, ಅಣೆಕಟ್ಟಿನ ಪರೀಕ್ಷೆ ಇವನ್ನೆಲ್ಲ ಊರಿನವರು ಆರಿಸಿದವರೇ ಮಾಡಬೇಕು, ಖರ್ಚು ಕಂಪನಿ ಕೊಡಬೇಕು. ಫಲಿತಾಂಶ ಒಂದೇ ದಿನ ಇಬ್ಬರ ಕೈಗೂ ಸಿಗಬೇಕು. ಇದು ದೊಡ್ಡ ಬೇಡಿಕೆ ಎಂದು ನನಗೆ ಅನ್ನಿಸುವುದಿಲ್ಲ.

ಕೊನೆಗೆ ಗಣಿ ಮುಚ್ಚಿದ ಮೇಲಿನ ಮಾತು. ಒಪ್ಪಂದಗಳಲ್ಲಿ ಇದಕ್ಕೆ ಸಿಗುವ ಜಾಗ ಬಹಳ ಕಡಿಮೆ.

ಕೆನಡಾದ ಯೆಲ್ಲೊನೈಫ್ ಊರಿನ ಪಕ್ಕದಲ್ಲಿ ಜೈಂಟ್ ಎಂಬ ಚಿನ್ನದ ಗಣಿ ಇತ್ತು. 1948ರಲ್ಲಿ ಶುರುವಾದದ್ದು. ಅಲ್ಲಿನ ಅದಿರನ್ನು ಹುರಿದರೆ ಆರ್ಸೆನಿಕ್ ಹೊಗೆಯಾಗಿ ಹೊರಬರುತ್ತದೆ. ಮೊದಲ ವರ್ಷಗಳಲ್ಲಿ ಅದು ಸುತ್ತಲಿನ ಹಿಮದ ಮೇಲೆ ಬಿತ್ತು. ಯೆಲ್ಲೊನೈವ್ಸ್ ಡೆನೆ ಜನ ಹಿಮ ಕರಗಿಸಿ ಕುಡಿಯುತ್ತಿದ್ದರು. 1951ರಲ್ಲಿ ಒಂದು ಮಗು ಸತ್ತಿತು. ಕಂಪನಿ ಆ ಮನೆಗೆ ಕೊಟ್ಟದ್ದು 750 ಡಾಲರ್. ಆಮೇಲೆ ಆರ್ಸೆನಿಕ್ ಧೂಳನ್ನು ಹಿಡಿದು ಗಣಿಯ ಒಳಗಿನ ಕೋಣೆಗಳಲ್ಲಿ ತುಂಬಿಸಿದರು. ಆಗಿನ ಮಾಲೀಕ ಕಂಪನಿ 1999ರಲ್ಲಿ ದಿವಾಳಿಯಾಯಿತು. ನೆಲದ ಕೆಳಗೆ ಉಳಿದದ್ದು 2,37,000 ಟನ್ ಆರ್ಸೆನಿಕ್ ಪುಡಿ. ನೀರು ಸೇರಿದರೆ ಕರಗುವಂಥದ್ದು. ಪಕ್ಕದಲ್ಲೇ ದೊಡ್ಡ ಸರೋವರ.

ಈಗ ಸರ್ಕಾರ ಆ ಕೋಣೆಗಳ ಸುತ್ತಲಿನ ಬಂಡೆಯನ್ನು ಹೆಪ್ಪುಗಟ್ಟಿಸಿ ಇಡುವ ಕೆಲಸ ಮಾಡುತ್ತಿದೆ. ಖರ್ಚಿನ ಅಂದಾಜು 400 ಕೋಟಿ ಕೆನಡಾ ಡಾಲರ್ ದಾಟಿದೆ. ಅದನ್ನು ಶಾಶ್ವತವಾಗಿ ಹಾಗೆಯೇ ಕಾಯುವುದು ಮೊದಲಿನ ಯೋಚನೆಯಾಗಿತ್ತು. ಡೆನೆ ಜನರೂ ಊರಿನವರೂ ಪಟ್ಟು ಹಿಡಿದರು. ಸರ್ಕಾರದ ಕೈಗೆ ಸಿಗದ ಒಂದು ಸ್ವತಂತ್ರ ಮಂಡಳಿ ಬೇಕು, ಆ ಪುಡಿಗೆ ಪೂರ್ತಿ ಮುಕ್ತಾಯ ಕಾಣಿಸುವ ದಾರಿಯನ್ನೂ ಅದು ಹುಡುಕುತ್ತಿರಬೇಕು ಎಂದರು. 2015ರಿಂದ ಅಂಥ ಮಂಡಳಿ ಕೆಲಸ ಮಾಡುತ್ತಿದೆ. ಅದನ್ನು ಹುಟ್ಟುಹಾಕಿದ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಡೆನೆ ಜನರೂ ಇದ್ದಾರೆ. ಆ ನೆಲದಲ್ಲಿ ಅವರನ್ನು ಮೊದಲ ಸಲ ಸರಿಯಾಗಿ ಕೇಳಿದ್ದು ಚಿನ್ನವೆಲ್ಲ ಹೋದ ಮೇಲೆ, ವಿಷ ಮಾತ್ರ ಉಳಿದಾಗ.

ಅವರು ಇನ್ನೊಂದು ವಿಷಯವನ್ನೂ ಚರ್ಚಿಸುತ್ತಿದ್ದಾರೆ. ಇಲ್ಲಿ ಅಗೆಯಬೇಡಿ ಎಂದು ಮುಂದೆ ಬರುವವರಿಗೆ ಹೇಗೆ ಹೇಳಿ ಹೋಗುವುದು? ಫಲಕ ಬರೆದರೆ ಭಾಷೆ ಬದಲಾಗಿರುತ್ತದೆ. ಕಲ್ಲಿನ ಗುರುತು ನಿಲ್ಲಿಸಿದರೆ ಇಲ್ಲೇನೋ ನಿಧಿ ಇದೆ ಎಂದು ಯಾರಾದರೂ ಅಗೆಯಬಹುದು. ಹಾಗಾದರೆ ಮಕ್ಕಳಿಗೆ ಕಥೆ ಹೇಳಬೇಕು, ಆ ಮಕ್ಕಳು ತಮ್ಮ ಮಕ್ಕಳಿಗೆ ಹೇಳಬೇಕು ಎಂಬ ಮಾತೂ ಅಲ್ಲಿ ಬಂದಿದೆ. ಅಜ್ಜಿಯೊಬ್ಬಳು ಮೊಮ್ಮಗುವನ್ನು ಸರೋವರದ ದಡಕ್ಕೆ ಕರೆದುಕೊಂಡು ಹೋಗಿ, ಬೆಟ್ಟದ ಕಡೆ ಕೈ ತೋರಿಸಿ, ಅದರ ಕೆಳಗೆ ಏನಿದೆ, ಯಾರು ಇಟ್ಟರು, ಯಾಕೆ ಎಬ್ಬಿಸಬಾರದು ಎಂದು ಹೇಳಬೇಕು.